ರೊಕ್ಕ ಪರದೇಶದ್ದು, ಜಾಗ ಸರ್ಕಾರದ್ದು, ಕೈ ಕಂಪನಿಯದ್ದು: ಸಗರ ನಾಡಿಗೆ ಉಳಿದದ್ದೇನು?

ಬೆಳಗಾಗುತ್ತಲೇ ಶಹಾಪುರ, ಸುರಪುರ, ಯಾದಗಿರಿ ಬಸ್ ಸ್ಟ್ಯಾಂಡುಗಳಲ್ಲಿ ರಾಯಚೂರು ಬಸ್ಸಿಗೆ ಕಾದು ನಿಂತವರನ್ನು ಒಮ್ಮೆ ನೋಡಿ. ಒಬ್ಬರ ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಬ್ಬರ ಕೈಯಲ್ಲಿ ರೊಟ್ಟಿ ಬುತ್ತಿ, ನಡುವೆ ಶಾಲು ಹೊದ್ದು ಕುಂತ ಮುದುಕ. ‘ಎಲ್ಲಿಗ್ರಿ?’ ಅಂದರೆ ‘ಒಪೆಕ್‌ಗೆ ಹೊಂಟೀವ್ರಿ’ ಅನ್ನುತ್ತಾರೆ. ಆ ಆಸ್ಪತ್ರೆಗೆ ಸರ್ಕಾರ ಇಟ್ಟ ಹೆಸರು ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಆ ಹೆಸರು ಕಾಗದದ ಮೇಲೆ ಉಳಿಯಿತು. ಜನರ ಬಾಯಲ್ಲಿ ಅದು ಒಪೆಕ್ ದವಾಖಾನಿ.

ಈ ಒಪೆಕ್ ಅಂದರೆ ಯಾರು? ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ನಾವು ಕೇಳುವ ಹೆಸರೇ ಅದು. ಎಣ್ಣೆ ಮಾರುವ ದೇಶಗಳ ಕೂಟ. ಆ ದೇಶಗಳು 1976ರಲ್ಲಿ ಸೇರಿ ಒಂದು ನಿಧಿ ಕಟ್ಟಿದವು. ಅದರ ಕಚೇರಿ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿದೆ. ಬಡ ದೇಶಗಳ ಅಭಿವೃದ್ಧಿಗೆ ನೆರವು ಕೊಡುವುದು ಅದರ ಕೆಲಸ. ಆ ನೆರವಿನಲ್ಲಿ ರಾಯಚೂರಿನಲ್ಲಿ 350 ಹಾಸಿಗೆಯ ದೊಡ್ಡ ಆಸ್ಪತ್ರೆ ಎದ್ದಿತು. ನಾವು ಬೈಕಿಗೆ ಪೆಟ್ರೋಲ್ ಹಾಕಿಸಿ ಕೊಟ್ಟ ರೊಕ್ಕದಲ್ಲಿ ಒಂದು ಬಿಡಿಗಾಸು ಸುತ್ತಿ ಬಳಸಿ ನಮ್ಮ ದವಾಖಾನಿಗೇ ಬಂತು ಅಂದರೆ ತಪ್ಪಾಗಲಾರದು.

ಕಟ್ಟಡ ಎದ್ದ ಮೇಲೆ ಪ್ರಶ್ನೆ ಬಂತು: ನಡೆಸುವವರು ಯಾರು? ಹೃದಯ, ಮೂತ್ರಪಿಂಡ, ನರಗಳ ತಜ್ಞರು ಸರ್ಕಾರಿ ಸಂಬಳಕ್ಕೆ ರಾಯಚೂರಿಗೆ ಬಂದಾರೆಯೇ? ಆಗ ಸರ್ಕಾರ ಅಪೋಲೊ ಆಸ್ಪತ್ರೆ ಕಂಪನಿಯನ್ನು ಕರೆಯಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಹತ್ತು ವರ್ಷದ ಕರಾರು ಆಯಿತು. ಈಗ ಎಲ್ಲ ಭಾಷಣಗಳಲ್ಲೂ ಕೇಳಿಬರುವ ‘ಸರ್ಕಾರಿ–ಖಾಸಗಿ ಸಹಭಾಗಿತ್ವ’, ಅಂದರೆ ಪಿಪಿಪಿ, ನಮ್ಮ ಭಾಗಕ್ಕೆ ಬಂದದ್ದು ಹೀಗೆ.

ಪಾಲಿಗೆ ಹಾಕಿದ ಹೊಲ

ಇದನ್ನು ತಿಳಿಯಲು ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ. ನಮ್ಮಲ್ಲಿ ಹೊಲ ಪಾಲಿಗೆ ಹಾಕುವ ಪದ್ಧತಿ ಉಂಟಲ್ಲ, ಅದೇ ಇದು. ಹೊಲ ಒಬ್ಬರದು, ಬೀಜ ಗೊಬ್ಬರದ ಸಾಲ ಇನ್ನೊಬ್ಬರದು, ದುಡಿಮೆ ಮೂರನೆಯವರದು. ಬೆಳೆ ಬಂದರೆ ಪಾಲು. ಜಗಳ ಬರುವುದು ಎರಡು ಹೊತ್ತಿನಲ್ಲಿ. ಒಂದು, ಮಳೆ ಕೈಕೊಟ್ಟಾಗ ನಷ್ಟ ಯಾರದು ಅಂತ. ಎರಡು, ಪಾಲುದಾರ ಹೊಲ ಬಿಟ್ಟು ಹೋಗುವಾಗ ಹೊಲ ಯಾವ ಸ್ಥಿತಿಯಲ್ಲಿದೆ ಅಂತ.

ಒಪೆಕ್ ಕರಾರಿನಲ್ಲಿ ಜಾಗ, ಕಟ್ಟಡ, ಸಿಬ್ಬಂದಿಯ ಮನೆ, ರಸ್ತೆ, ನೀರು, ಕರೆಂಟಿನ ವ್ಯವಸ್ಥೆ ಎಲ್ಲ ಸರ್ಕಾರದ್ದು. ವೈದ್ಯರನ್ನು ತಂದು ಆಸ್ಪತ್ರೆ ನಡೆಸುವುದು ಕಂಪನಿಯದ್ದು. ಮೊದಲ ಮೂರು ವರ್ಷ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ನಾಲ್ಕನೇ ವರ್ಷದಿಂದ ನಿವ್ವಳ ಲಾಭದಲ್ಲಿ ಶೇ. 30 ಕಂಪನಿಗೆ. ಲಾಭವೇ ಆಗದಿದ್ದರೆ? ಆಗಲೂ ಒಟ್ಟು ಬಿಲ್ಲಿನ ಶೇ. 3ರ ಮಿತಿಯಲ್ಲಿ ಸೇವಾ ಶುಲ್ಕ. ಬಡತನ ರೇಖೆಯ ಕೆಳಗಿನ ರೋಗಿಗಳಿಗೆ ಶೇ. 40 ಹಾಸಿಗೆ ಮೀಸಲು. ಆ ಬಡವರ ಖರ್ಚಿನ ಲೆಕ್ಕವನ್ನು ಕಂಪನಿ ತಿಂಗಳು ತಿಂಗಳು ರಾಯಚೂರು ಜಿಲ್ಲಾಧಿಕಾರಿಗೆ ಕೊಟ್ಟು ರೊಕ್ಕ ಪಡೆಯಬೇಕು.

ಅಂಗಡಿ ಇಟ್ಟವರಿಗೆ ಈ ಲೆಕ್ಕ ಕೂಡಲೇ ಹೊಳೆಯುತ್ತದೆ. ಬಂಡವಾಳ ಹಾಕದೆ, ಬಾಡಿಗೆ ಕೊಡದೆ, ಮೊದಲ ಮೂರು ವರ್ಷದ ನಷ್ಟದ ಭಯವಿಲ್ಲದೆ, ಲಾಭ ಬಂದರೆ ಪಾಲು, ಬಾರದಿದ್ದರೆ ಕಮಿಷನ್! ನಮ್ಮ ಗಂಜ್‌ನಲ್ಲಿ ಯಾವ ಅಡತಿ ಅಂಗಡಿಗೆ ಇಂಥ ಕರಾರು ಸಿಕ್ಕೀತು ಹೇಳಿ?

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಹೊತ್ತಿಗೆ ಯಾದಗಿರಿ ಜಿಲ್ಲೆಯೇ ಹುಟ್ಟಿರಲಿಲ್ಲ. ಅದು ಬಂದದ್ದು 2009ರ ಕೊನೆಗೆ. ಸುರಪುರದ ರೈತನಿಗೆ ಎದೆ ನೋವು ಬಂದರೆ ಸೋಲಾಪುರವೋ ಹೈದರಾಬಾದೋ ಎಂಬ ಸ್ಥಿತಿ. ಅಂಥ ಕಾಲದಲ್ಲಿ ಕೃಷ್ಣಾ ಹೊಳೆ ದಾಟಿದರೆ ಸಿಗುವಷ್ಟು ಹತ್ತಿರಕ್ಕೆ ತಜ್ಞ ವೈದ್ಯರು ಬಂದರು. ಎಣ್ಣೆ ದೇಶಗಳ ನಿಧಿಯಿಂದ ಕಟ್ಟಡವಾಯಿತು. ಆದರೆ ಕಟ್ಟಡಕ್ಕೆ ಕೈಕಾಲು ಬಂದದ್ದು ಕಂಪನಿಯಿಂದ. ಖಾಸಗಿಯವರನ್ನು ಸೇರಿಸಿಕೊಳ್ಳುವುದು ಯಾಕೆ ಅನ್ನುವವರಿಗೆ ಇದೇ ಉತ್ತರ. ಕಟ್ಟಲು ಸಾಲ ಸಿಗುತ್ತದೆ, ನಡೆಸಲು ಜನ ಸಿಗುವುದಿಲ್ಲ.

ಹೊರಟು ಹೋದ ದಿನ

ಕರಾರಿನ ಹತ್ತು ವರ್ಷ ಮುಗಿಯಿತು. 2012ರ ಹೊತ್ತಿಗೆ ಅಪೋಲೊ ಹೊರಟಿತು. ಆಸ್ಪತ್ರೆ ಸರ್ಕಾರದ ಕೈಗೆ ಮರಳಿತು, ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್ ಜತೆ ಸೇರಿತು. ಕಟ್ಟಡ ಅಲ್ಲೇ ಇತ್ತು. ಹಾಸಿಗೆ ಅಲ್ಲೇ ಇದ್ದವು. ತಜ್ಞರು ಮಾತ್ರ ಕಂಪನಿಯ ನೌಕರರು. ಆಮೇಲಿನ ವರ್ಷಗಳಲ್ಲಿ ‘ಒಪೆಕ್‌ನಲ್ಲಿ ತಜ್ಞರಿಲ್ಲ’ ಎಂಬ ದೂರು ಎಷ್ಟು ಸಲ ಕೇಳಿಬಂತು ಎಂಬುದು ಪತ್ರಿಕೆ ಓದುವವರಿಗೆ ಗೊತ್ತು.

ಇಲ್ಲೇ ನಮ್ಮ ಪ್ರಶ್ನೆ. ಹತ್ತು ವರ್ಷದ ಕರಾರು ಹತ್ತು ವರ್ಷಕ್ಕೆ ಮುಗಿಯುತ್ತದೆ ಎಂಬುದು ಸಹಿ ಹಾಕಿದ ದಿನವೇ ಗೊತ್ತಿತ್ತು. ಹನ್ನೊಂದನೇ ವರ್ಷದ ವೈದ್ಯರನ್ನು ತಯಾರು ಮಾಡುವ ಕೆಲಸ ಯಾರದಾಗಿತ್ತು? ರಿಮ್ಸ್ ಕಾಲೇಜು 2007ರಲ್ಲೇ ಶುರುವಾಗಿತ್ತು. ಒಂದೇ ಊರಿನಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೂ ಇದೆ, ವೈದ್ಯಕೀಯ ಕಾಲೇಜೂ ಇದೆ. ಹೊಲ ಬಿಡುವ ಪಾಲುದಾರನ ಹತ್ತಿರ ಮನೆಯ ಮಗ ಒಕ್ಕಲುತನ ಕಲಿಯದಿದ್ದರೆ ಹೊಲ ಬೀಳು ಬೀಳುತ್ತದೆ. 2022ರ ಮೇ ತಿಂಗಳಿಂದ ರಾಯಚೂರಿನ ಜನ ಏಮ್ಸ್ ಬೇಕು ಎಂದು ಧರಣಿ ಕೂತದ್ದರ ಹಿಂದೆ ಈ ಕೊರತೆಯೂ ಇದೆ.

ಈಗ ಇದಕ್ಕೆ ಹೋಲಿಕೆಯಾಗಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯನ್ನು ನೋಡಿ. ಅಲ್ಲಿ 2016ರಲ್ಲಿ ಶಾಖೆ ಶುರುವಾಯಿತು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಹೊಸ ಕಟ್ಟಡ ತೆರೆಯಿತು. ಹಾಸಿಗೆಯ ಆ ಸಂಖ್ಯೆ ನಮ್ಮ ಭಾಗಕ್ಕೆ ಸಿಕ್ಕ ಸಂವಿಧಾನದ 371ನೇ (ಜೆ) ವಿಧಿಯ ನೆನಪಿಗೆ. ಅದು ಸರ್ಕಾರದ್ದೇ ಸ್ವಾಯತ್ತ ಸಂಸ್ಥೆ. ಸರ್ಕಾರಿ ಅಂದರೆ ನಡೆಯುವುದೇ ಇಲ್ಲ, ಖಾಸಗಿ ಅಂದರೆ ಎಲ್ಲ ಸರಿ ಎಂಬ ಮಾತು ಅಲ್ಲಿಗೆ ಬಿದ್ದು ಹೋಗುತ್ತದೆ.

ಕಾರ್ಡು ತೋರಿಸಿದರೆ ಆಪರೇಷನ್

ಹಾಗಾದರೆ ಪಿಪಿಪಿ ಎಲ್ಲೂ ಫಲ ಕೊಟ್ಟಿಲ್ಲವೇ? ಕೊಟ್ಟಿದೆ. ಅದೂ ನಮ್ಮ ಭಾಗದಲ್ಲೇ.

2010ರ ಫೆಬ್ರವರಿಯಲ್ಲಿ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆ ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ. ಹಿಂದೆ ವಿಶ್ವಬ್ಯಾಂಕಿನ ಸಾಲದ ಬೆಂಬಲ. ನಡೆಸುವುದು ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಆಪರೇಷನ್ ಮಾಡುವುದು ಖಾಸಗಿ ಮತ್ತು ಸರ್ಕಾರಿ ದೊಡ್ಡ ಆಸ್ಪತ್ರೆಗಳು. ಬಿಪಿಎಲ್ ಕುಟುಂಬದವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ ಮೊದಲಾದ ದೊಡ್ಡ ರೋಗಕ್ಕೆ ಚಿಕಿತ್ಸೆ ಉಚಿತ. ಬಿಲ್ಲು ಟ್ರಸ್ಟಿಗೆ. ಹಳ್ಳಿಗಳ ಹತ್ತಿರ ತಪಾಸಣೆ ಶಿಬಿರ, ಆಸ್ಪತ್ರೆಯಲ್ಲಿ ದಾರಿ ತೋರಿಸಲು ‘ಆರೋಗ್ಯ ಮಿತ್ರ’.

ಯೋಜನೆ ಉತ್ತರದ ಜಿಲ್ಲೆಗಳಿಗೆ ಮೊದಲು ಬಂತು, ದಕ್ಷಿಣಕ್ಕೆ ಆಮೇಲೆ ಹೋಯಿತು. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಅದರ ಫಲಿತಾಂಶ 2014ರಲ್ಲಿ ಬ್ರಿಟನ್ನಿನ ಹೆಸರಾಂತ ವೈದ್ಯ ಪತ್ರಿಕೆ ಬಿಎಂಜೆಯಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ರೋಗಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹೋಗುವ ಖರ್ಚು ಶೇ. 34 ಕಡಿಮೆ.

ಇದೂ ಪರದೇಶದ ಸಾಲ, ಸರ್ಕಾರದ ಕೆಲಸ, ಖಾಸಗಿಯವರ ಕೈ. ಅದೂ ಅದೇ. ವ್ಯತ್ಯಾಸ ಎಲ್ಲಿ? ಒಪೆಕ್‌ನಲ್ಲಿ ಒಂದು ಕಟ್ಟಡ, ಒಂದು ಕಂಪನಿ. ಕಂಪನಿ ಹೋದರೆ ಮುಗಿಯಿತು. ಆರೋಗ್ಯಶ್ರೀಯಲ್ಲಿ ರೊಕ್ಕ ರೋಗಿಯ ಹಿಂದೆ ಹೋಗುತ್ತದೆ. ಒಂದು ಆಸ್ಪತ್ರೆ ಬಿಟ್ಟರೆ ಇನ್ನೊಂದು ಇದೆ. ಒಪೆಕ್‌ನಲ್ಲಿ ಕಂಪನಿಗೆ ಶುಲ್ಕ ಸಿಗುತ್ತಿದ್ದುದು ಒಟ್ಟು ಬಿಲ್ಲಿನ ಮೇಲೆ. ಇಲ್ಲಿ ಸಿಗುವುದು ಇಂಥ ಚಿಕಿತ್ಸೆಗೆ ಇಷ್ಟು ಎಂಬ ನಿಗದಿ ದರದ ಮೇಲೆ. 2018ರಿಂದ ಆ ಯೋಜನೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಸೇರಿ ಮುಂದುವರಿಯಿತು. ಹೆಸರು ಬದಲಾಯಿತು, ಕೆಲಸ ಉಳಿಯಿತು.

ಕಲಬುರಗಿಯ ನಲ್ಲಿ

ಇನ್ನೊಂದು ಉದಾಹರಣೆ ನೀರಿನದು. 2004ರಲ್ಲಿ ವಿಶ್ವಬ್ಯಾಂಕ್ ಕರ್ನಾಟಕಕ್ಕೆ ನಗರ ನೀರಿನ ಯೋಜನೆಗಾಗಿ ಸಾಲ ಮಂಜೂರು ಮಾಡಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗುಲ್ಬರ್ಗ ಊರುಗಳ ಕೆಲವೇ ಬಡಾವಣೆಗಳನ್ನು ಆರಿಸಿ ಅಲ್ಲಿ ದಿನದ 24 ತಾಸೂ ನೀರು ಕೊಟ್ಟು ತೋರಿಸುವುದು ಎಂದಾಯಿತು. ಕೆಲಸ ಫ್ರಾನ್ಸಿನ ವೆಯೋಲಿಯಾ ಕಂಪನಿಗೆ. ಕಂಪನಿಗೆ ಕೊಡುವ ಶುಲ್ಕದಲ್ಲಿ ಒಂದು ಭಾಗ ಮಾತ್ರ ಖಾಯಂ. ಉಳಿದದ್ದು ಕೆಲಸ ನೋಡಿ. ನೀರು ನಿಂತರೆ, ಸೋರಿದರೆ, ರೊಕ್ಕ ಕಡಿತ.

2008ರ ಹೊತ್ತಿಗೆ ಆ ಬಡಾವಣೆಗಳಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ನೀರು ಬರತೊಡಗಿತು. ಅರ್ಧದಷ್ಟು ಸೋರಿ ಹೋಗುತ್ತಿದ್ದ ನೀರು ಶೇ. 7ರ ಸುಮಾರಿಗೆ ಇಳಿಯಿತು. ನಮ್ಮ ಊರುಗಳಲ್ಲಿ ನಲ್ಲಿ ಬಂದಾಗ ಕೊಡಗಳ ಸಾಲು ಹಚ್ಚುವವರಿಗೆ ಇದು ನಂಬಲಾಗದ ಸಂಗತಿ. ಪೈಪು ಸರಿಯಿದ್ದು ಮೀಟರು ಇದ್ದರೆ ಜನ ನೀರು ಚೆಲ್ಲುವುದಿಲ್ಲ ಎಂಬುದೂ ಸಾಬೀತಾಯಿತು. ಇದು ಪಿಪಿಪಿಯ ಗೆಲುವೇ ಸರಿ.

ಆದರೆ ಆ ಬಡಾವಣೆಗಳು ಆ ಊರುಗಳ ಹತ್ತರಲ್ಲಿ ಒಂದು ಪಾಲು ಜನಕ್ಕೆ ಮಾತ್ರ. ಉಳಿದ ಒಂಬತ್ತು ಪಾಲು? ಇಡೀ ಊರಿಗೆ ವಿಸ್ತರಿಸಲು ವಿಶ್ವಬ್ಯಾಂಕಿನ ಮುಂದಿನ ಸಾಲ, 10 ಕೋಟಿ ಡಾಲರ್, ಮಂಜೂರಾದದ್ದು 2016ರಲ್ಲಿ. ಗೆದ್ದ ಮಾದರಿಯನ್ನು ಮುಂದಕ್ಕೆ ಒಯ್ಯಲು ಎಂಟು ವರ್ಷ! ಕಂಪನಿ ಹೇಳಿದ ಕೆಲಸ ಮಾಡಿತು. ತಡವಾದದ್ದು ನಮ್ಮವರಿಂದಲೇ. ಎಲ್ಲ ತಪ್ಪನ್ನೂ ಕಂಪನಿಯ ತಲೆಗೆ ಕಟ್ಟುವವರು ಇದನ್ನು ಗಮನಿಸಬೇಕು.

ನಮ್ಮ ಕಾಲುವೆಯ ಕತೆ

ಸಗರ ನಾಡಿನವರಾದ ನಮಗೆ ಪರದೇಶದ ಸಾಲ ಹೊಸದಲ್ಲ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ರೊಕ್ಕ ಸಾಲದೆ ಕೆಲಸ ಕುಂಟುತ್ತಿತ್ತು. 1978ರಲ್ಲಿ ವಿಶ್ವಬ್ಯಾಂಕಿನ ಅಂಗವಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಕರ್ನಾಟಕ ನೀರಾವರಿ ಯೋಜನೆಗೆ 12 ಕೋಟಿ 60 ಲಕ್ಷ ಡಾಲರ್ ಸಾಲ ಕೊಟ್ಟಿತು. ಆಮೇಲೆ ನಾರಾಯಣಪುರ ಅಣೆಕಟ್ಟು ಮುಗಿಯಿತು, ಎಡದಂಡೆ ಕಾಲುವೆಯಲ್ಲಿ 1982ರಲ್ಲಿ ನೀರು ಹರಿಯಿತು. ಜೋಳ, ಸಜ್ಜೆಯ ನಾಡಿಗೆ ಭತ್ತ, ಹತ್ತಿ, ಮೆಣಸಿನಕಾಯಿ ಬಂತು. ಶಹಾಪುರ, ಸುರಪುರ ಬಜಾರಿನಲ್ಲಿ ಇಂದು ಇರುವ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು, ಬಟ್ಟೆ ಅಂಗಡಿಗಳ ವ್ಯಾಪಾರದ ಬೇರು ಆ ಕಾಲುವೆಯಲ್ಲಿದೆ.

ಆ ಕಾಲದ ಪದ್ಧತಿ ಪ್ರಕಾರ ಅಂಥ ಸಾಲಕ್ಕೆ ಬಡ್ಡಿ ಇಲ್ಲ, ಮುಕ್ಕಾಲು ಪರ್ಸೆಂಟ್ ಸೇವಾ ಶುಲ್ಕ, ತೀರಿಸಲು 50 ವರ್ಷ. ಆ ಲೆಕ್ಕದಲ್ಲಿ ಸಾಲದ ಗಡುವು 2028. ಅಂದು ಕಾಲುವೆ ಅಗೆದವರ ಮೊಮ್ಮಕ್ಕಳ ಕಾಲದವರೆಗೆ! ಪರದೇಶದ ನೆರವು ಅಂದರೆ ದಾನ ಅಂತ ತಿಳಿದವರು ಇದನ್ನು ನೆನಪಿಡಬೇಕು. ಬಹುಪಾಲು ಅದು ಉದ್ರಿ. ಖಾತೆ ನಮ್ಮ ಹೆಸರಲ್ಲೇ ಇರುತ್ತದೆ.

ಎರಡನೇ ಹಂತಕ್ಕೆ 1989ರಲ್ಲಿ ಮತ್ತೆ ಸಾಲ ಬಂತು. ಮುಳುಗಡೆಯ ಜನರಿಗೆ ಪುನರ್ವಸತಿ ಸರಿಯಾಗಿಲ್ಲ ಎಂದು 1990ರ ದಶಕದಲ್ಲಿ ಬ್ಯಾಂಕು ಹಣ ತಡೆಹಿಡಿದದ್ದೂ ಉಂಟು. ಹೊರಗಿನವರ ರೊಕ್ಕದ ಜತೆ ಹೊರಗಿನವರ ಕಣ್ಣೂ ಬರುತ್ತದೆ. ಅದು ಒಮ್ಮೊಮ್ಮೆ ನಮಗೇ ಒಳ್ಳೆಯದು.

ಕಾಲುವೆಯಲ್ಲೂ ಖಾಸಗಿಯವರಿದ್ದಾರೆ. ಶಹಾಪುರ ಶಾಖಾ ಕಾಲುವೆಯಲ್ಲಿ ನೀರು ಎತ್ತರದಿಂದ ಧುಮುಕುವ ಕಡೆಗಳಲ್ಲಿ ಭೋರುಕಾ ಕಂಪನಿ ಸಣ್ಣ ಜಲವಿದ್ಯುತ್ ಘಟಕಗಳನ್ನು ಹಾಕಿತು. ಹೊಲಕ್ಕೆ ಹೋಗುವ ನೀರೇ ದಾರಿಯಲ್ಲಿ ಕರೆಂಟು ಕೊಟ್ಟು ಹೋಗುತ್ತದೆ. ರೈತನ ಪಾಲಿನ ನೀರು ಕಡಿಮೆಯಾಗುವುದಿಲ್ಲ. ಇಂಥ ಕಡೆ ಖಾಸಗಿಯವರು ಬಂದರೆ ತಕರಾರಿಲ್ಲ.

ಇತ್ತೀಚಿನದು ಕಾಲುವೆಯ ನವೀಕರಣ. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. ಪ್ರಧಾನಿ ನರೇಂದ್ರ ಮೋದಿಯವರು 2023ರ ಜನವರಿ 19ರಂದು ಕೊಡೇಕಲ್‌ಗೆ ಬಂದು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್ಸ್, ನೀರುಣ್ಣುವ ಜಮೀನು ನಾಲ್ಕೂವರೆ ಲಕ್ಷ ಹೆಕ್ಟೇರ್. ಆಸ್ಟ್ರೇಲಿಯಾದ ರುಬಿಕಾನ್ ಕಂಪನಿಯ ತಂತ್ರಜ್ಞಾನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗೇಟುಗಳನ್ನು ಕಂಪ್ಯೂಟರಿನಿಂದ ಎತ್ತಿ ಇಳಿಸುವ ಏರ್ಪಾಡಾಯಿತು. ಬಹಳ ಒಳ್ಳೆಯ ಕೆಲಸ. ಆದರೆ ಕಾಲುವೆಯ ಕೊನೆ ಭಾಗದ ರೈತರ ಕೂಗು ಹಳೆಯದು. ಈ ಯೋಜನೆ ಮಾಡಿದ್ದೇ ಲಘು ನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ಭತ್ತ ಹಚ್ಚಿದರೆ ಕೆಳಗಿನವನ ಹೊಲಕ್ಕೆ ನೀರೆಲ್ಲಿ? ಯಂತ್ರ ನೀರು ಅಳೆಯುತ್ತದೆ. ‘ನಿನಗೆ ಇಷ್ಟೇ ಸಾಕು’ ಅನ್ನುವ ಧೈರ್ಯ ಯಂತ್ರದ್ದಲ್ಲ, ಸರ್ಕಾರದ್ದು. ಅದನ್ನು ಯಾವ ಕಂಪನಿಗೂ ಗುತ್ತಿಗೆ ಕೊಡಲು ಬರುವುದಿಲ್ಲ.

ಹಳೆಯ ರೈಲು, ಹಳೆಯ ಪಾಠ

ಪಿಪಿಪಿ ಈಗಿನ ಶೋಧವೆಂದು ತಿಳಿದವರು ಯಾದಗಿರಿ ರೈಲು ಸ್ಟೇಷನ್ನಿಗೆ ಹೋಗಿ ನಿಲ್ಲಲಿ. ಮುಂಬಯಿಯಿಂದ ಬಂದ ಈ ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಲಂಡನ್ನಿನ ಖಾಸಗಿ ಕಂಪನಿ. ಕಂಪನಿಯ ಷೇರುದಾರರಿಗೆ ವರ್ಷಕ್ಕೆ ಶೇ. 5 ಖಾತ್ರಿ ಗಳಿಕೆ. ಕಡಿಮೆ ಬಿದ್ದರೆ ಸರ್ಕಾರದ ಖಜಾನೆಯಿಂದ ಭರ್ತಿ. ಖಜಾನೆಗೆ ಕಂದಾಯ ಕಟ್ಟುತ್ತಿದ್ದವರು ಭಾರತದ ರೈತರು. ಕೊನೆಗೆ 1925ರಲ್ಲಿ ಸರ್ಕಾರವೇ ಆ ರೈಲಿನ ಆಡಳಿತ ವಹಿಸಿಕೊಂಡಿತು. ಹಳಿ ಇಂದಿಗೂ ನಮ್ಮನ್ನು ಹೊರುತ್ತಿದೆ, ನಿಜ. ಆದರೆ ಲಾಭ ಒಬ್ಬರಿಗೆ, ನಷ್ಟದ ಹೊರೆ ಇನ್ನೊಬ್ಬರಿಗೆ ಎಂಬ ಕರಾರು ಆಗಲೂ ಇತ್ತು.

ಈಗ ಯಾಕೆ ಈ ಮಾತು?

2015ರಲ್ಲಿ ವಿಶ್ವಸಂಸ್ಥೆಯ ದೇಶಗಳೆಲ್ಲ ಸೇರಿ 2030ರೊಳಗೆ ಬಡತನ, ಹಸಿವು, ರೋಗ ಕಡಿಮೆ ಮಾಡುವ 17 ಗುರಿಗಳನ್ನು ಒಪ್ಪಿದವು. ಹದಿನೇಳನೆಯದು ಸಹಭಾಗಿತ್ವ, ಸರ್ಕಾರ, ಖಾಸಗಿ, ಸಂಘ ಸಂಸ್ಥೆಗಳು ಕೂಡಿ ಕೆಲಸ ಮಾಡಲಿ ಎಂದು ಅದರಲ್ಲಿದೆ. 2018ರಲ್ಲಿ ನೀತಿ ಆಯೋಗ ದೇಶದ ಹಿಂದುಳಿದ ಜಿಲ್ಲೆಗಳನ್ನು ‘ಮಹತ್ವಾಕಾಂಕ್ಷಿ’ ಎಂದು ಹೆಸರಿಸಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ ಜಿಲ್ಲೆ: ರಾಯಚೂರು ಮತ್ತು ನಮ್ಮ ಯಾದಗಿರಿ. ಆದ್ದರಿಂದ ಮುಂದೆಯೂ ಇಂಥ ಕರಾರುಗಳು ನಮ್ಮ ಬಾಗಿಲಿಗೇ ಬರುತ್ತವೆ. ಪಕ್ಕದ ವಿಜಯಪುರದಲ್ಲಿ 2025ರಲ್ಲಿ ‘ಪಿಪಿಪಿ ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು’ ಎಂದು ಜನ ಧರಣಿ ಕೂತರು. ನಾಳೆ ನಮ್ಮಲ್ಲೂ ಆಸ್ಪತ್ರೆ, ನೀರು, ರಸ್ತೆ, ಬಸ್ ಸ್ಟ್ಯಾಂಡು ಯಾವುದಕ್ಕಾದರೂ ಈ ಪ್ರಶ್ನೆ ಬಂದೀತು.

ಬಂದಾಗ ‘ಬೇಕೇ ಬೇಕು’, ‘ಬೇಡವೇ ಬೇಡ’ ಎಂದು ಎರಡು ಪಕ್ಷವಾಗಿ ಕೂಗುವುದಕ್ಕಿಂತ ನಾಲ್ಕು ಮಾತು ಕೇಳುವುದು ಲೇಸು.

ಒಂದು: ನಷ್ಟವಾದರೆ ಯಾರದು? ಎಲ್ಲ ನಷ್ಟ ಸರ್ಕಾರದ್ದಾದರೆ ಅದು ಪಾಲುದಾರಿಕೆ ಅಲ್ಲ.

ಎರಡು: ಕಂಪನಿಗೆ ರೊಕ್ಕ ಯಾವುದರ ಮೇಲೆ? ಬಿಲ್ಲಿನ ಮೇಲೋ, ಆದ ಕೆಲಸದ ಮೇಲೋ? ಕಲಬುರಗಿಯ ನಲ್ಲಿ ಎರಡನೆಯದಕ್ಕೆ ಸಾಕ್ಷಿ.

ಮೂರು: ಬಡವರ ಪಾಲು ಎಷ್ಟು, ಅವರ ಖರ್ಚನ್ನು ಸರ್ಕಾರ ಎಷ್ಟು ದಿನದಲ್ಲಿ ಕೊಡುತ್ತದೆ? ಉದ್ರಿ ಗಿರಾಕಿಯನ್ನು ಯಾವ ಅಂಗಡಿಯವನೂ ನಗುತ್ತ ಕರೆಯುವುದಿಲ್ಲ. ಸರ್ಕಾರ ತಡ ಮಾಡಿದರೆ ಬಾಗಿಲಲ್ಲಿ ನಿಲ್ಲುವುದು ಬಡ ರೋಗಿ.

ನಾಲ್ಕು: ಕಂಪನಿ ಹೊರಟ ಮರುದಿನ ಏನು? ನಮ್ಮ ಹುಡುಗರು ಆ ಕೆಲಸ ಕಲಿತಿರುತ್ತಾರೋ ಇಲ್ಲವೋ?

ಈ ನಾಲ್ಕಕ್ಕೂ ಉತ್ತರ ಕರಾರು ಪತ್ರದಲ್ಲಿರುತ್ತದೆ. ಅದು ಇಂಗ್ಲಿಷಿನಲ್ಲಿ, ಬೆಂಗಳೂರಿನ ಬೀರುವಿನಲ್ಲಿ ಇರುತ್ತದೆ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ‘ಇದು ವ್ಯಾಪಾರದ ಗುಟ್ಟು’ ಅಂದರೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕೆಂದು ಅದೇ ಕಲಮಿನಲ್ಲಿದೆ ಎಂದು ತಿರುಗಿ ಬರೆಯಿರಿ. ನಮ್ಮ ವರ್ತಕರ ಸಂಘದವರು, ರೈತ ಸಂಘದವರು ಕೂಡಿ ಅರ್ಜಿ ಹಾಕಿದರೆ ಇನ್ನೂ ಒಳ್ಳೆಯದು. ಸಹಿ ಬಿದ್ದ ಮೇಲೆ ಧರಣಿ ಕೂರುವುದಕ್ಕಿಂತ ಸಹಿ ಬೀಳುವ ಮೊದಲು ಓದುವುದು ಅಗ್ಗ.

ನಾಳೆ ಬೆಳಿಗ್ಗೆಯೂ ರಾಯಚೂರು ಬಸ್ಸು ಹೊರಡುತ್ತದೆ. ಎಕ್ಸ್‌ರೇ ಕವರು ಹಿಡಿದವರು ಹತ್ತುತ್ತಾರೆ. ಅವರಿಗೆ ಕಟ್ಟಡದ ರೊಕ್ಕ ವಿಯೆನ್ನಾದಿಂದ ಬಂತೋ ಬೆಂಗಳೂರಿನಿಂದ ಬಂತೋ ಬೇಕಿಲ್ಲ. ‘ಡಾಕ್ಟ್ರು ಅದಾರೇನ್ರಿ?’ ಅನ್ನುವುದೊಂದೇ ಅವರ ಪ್ರಶ್ನೆ. ಕರಾರು ಬರೆಯುವವರು ಆ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಲಿ.